ಎಲ್ಲವೂ ಗ್ಯಾಸ್ಟ್ರಿಕ್ ಅಲ್ಲ

ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹೊಟ್ಟೆಯ ಲಯವೂ ತಪ್ಪುತ್ತದೆ. ಮನೆಯಲ್ಲೇ ನಿಭಾಯಿಸಬಹುದಾದದ್ದು ಯಾವುದು, ವೈದ್ಯರಿಗೆ ತೋರಿಸಲೇಬೇಕಾದದ್ದು ಯಾವುದು?

ನಲವತ್ತು ದಾಟಿದ ಹೆಂಗಸರು ನಾಲ್ಕು ಜನ ಸೇರಿದ ಕಡೆ ಮಾತು ಬೇಗನೆ ಹೊಟ್ಟೆಯ ಕಡೆಗೆ ಹೊರಳುತ್ತದೆ. ಮೊದಲೆಲ್ಲ ರಾತ್ರಿ ಹತ್ತಕ್ಕೆ ಉಂಡು ಮಲಗಿದರೂ ಏನೂ ಆಗುತ್ತಿರಲಿಲ್ಲ, ಈಗ ಎಂಟಕ್ಕೆ ಉಂಡರೂ ಹುಳಿತೇಗು. ಅವರೆಕಾಳಿನ ಸಾರು ತಿಂದರೆ ಮರುದಿನವೆಲ್ಲ ಹೊಟ್ಟೆ ಉಬ್ಬರ. ಬೆಳಿಗ್ಗೆ ಸಡಿಲವಾಗಿದ್ದ ಲಂಗದ ಲಾಡಿ ಸಂಜೆಯ ಹೊತ್ತಿಗೆ ಬಿಗಿಯುತ್ತದೆ. ಮೂರು ದಿನ ಮಲಬದ್ಧತೆ, ನಾಲ್ಕನೆಯ ದಿನ ಭೇದಿ. ಒಬ್ಬರು ಓಮಿನ ಕಷಾಯ ಮಾಡಿಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಮೆಡಿಕಲ್ ಶಾಪಿನ ಮಾತ್ರೆಯೊಂದರ ಹೆಸರು ಹೇಳುತ್ತಾರೆ, ಮತ್ತೊಬ್ಬರು "ವಯಸ್ಸಾಯ್ತಲ್ಲ, ಇನ್ನೇನು?" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಅದು ಅಲ್ಲಿಗೇ ಮುಗಿಯಬಾರದು. ಈ ತೊಂದರೆಗಳಲ್ಲಿ ಬಹುಪಾಲು ಮೈಯೊಳಗೆ ನಿಜವಾಗಿ ಆಗುವ ಬದಲಾವಣೆಯಿಂದ ಬರುತ್ತವೆ. ಇವು ಮನಸ್ಸಿನ ಭ್ರಮೆಯಲ್ಲ, ಬಾಯಿಚಪಲದ ಫಲವಷ್ಟೇ ಅಲ್ಲ. ಊಟ, ನೀರು, ನಡಿಗೆ, ನಿದ್ದೆ ಸರಿಮಾಡಿಕೊಂಡು ಹೆಚ್ಚಿನವನ್ನು ನಿಭಾಯಿಸಲೂಬಹುದು. ಆದರೆ ಇದೇ ವಯಸ್ಸಿನಲ್ಲಿ, ಇದೇ ಲಕ್ಷಣಗಳೊಂದಿಗೆ ಬರುವ ಗಂಭೀರ ಕಾಯಿಲೆಗಳೂ ಇವೆ. ಎಲ್ಲವನ್ನೂ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವುದು ಎಷ್ಟು ತಪ್ಪೋ, ಎಲ್ಲವನ್ನೂ ‘ಮುಟ್ಟು ನಿಲ್ಲೋ ಟೈಮು’ ಎಂದು ಸಹಿಸಿಕೊಂಡು ಕೂರುವುದೂ ಅಷ್ಟೇ ತಪ್ಪು.

ಯಾವುದು ಈ ಕಾಲ?

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಮೆನೋಪಾಸ್, ಅಂದರೆ ಋತುಬಂಧ ಎನ್ನುತ್ತಾರೆ. ಅದಕ್ಕೆ ಮುಂಚಿನ ಏರುಪೇರಿನ ವರ್ಷಗಳೇ ಪೆರಿಮೆನೋಪಾಸ್. ಬಹಳಷ್ಟು ಮಂದಿಗೆ ಇದು ನಾಲ್ಕರಿಂದ ಎಂಟು ವರ್ಷ ಇರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಋತುಬಂಧದ ಸರಾಸರಿ ವಯಸ್ಸು 51ರ ಆಸುಪಾಸು, ಭಾರತದಲ್ಲಿ 46–47. ಹಾಗಾಗಿ ನಮ್ಮ ಹೆಂಗಸರಲ್ಲಿ ಈ ಏರುಪೇರು ನಲವತ್ತರ ಆರಂಭದಲ್ಲೇ ಶುರುವಾಗಬಹುದು. ಆಗ ಮಕ್ಕಳು ಇನ್ನೂ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿರುತ್ತಾರೆ, ಅತ್ತೆ ಮಾವನ ಆರೋಗ್ಯ ಕೈಕೊಡುತ್ತಿರುತ್ತದೆ, ಕೆಲಸದಲ್ಲಿ ಜವಾಬ್ದಾರಿ ಹೆಚ್ಚಿರುತ್ತದೆ. ತನ್ನ ಮೈಯಲ್ಲಿ ಇಂಥದ್ದೊಂದು ಶುರುವಾಗಿದೆ ಎಂದು ಹೊಳೆಯುವುದೇ ಕಷ್ಟ. ಮುಟ್ಟು ಇನ್ನೂ ಬರುತ್ತಲೇ ಇರುವುದರಿಂದ ಹೊಟ್ಟೆಯ ತೊಂದರೆಗೂ ಇದಕ್ಕೂ ನಂಟಿರಬಹುದೆಂದು ಯಾರೂ ಯೋಚಿಸುವುದಿಲ್ಲ.

ಗರ್ಭಕೋಶ ತೆಗೆಸಿಕೊಂಡವರ ಸ್ಥಿತಿ ಬೇರೆ. ಅವರಿಗೆ ಮುಟ್ಟು ಎಂಬ ಗುರುತೇ ಉಳಿದಿರುವುದಿಲ್ಲ. ಅಂಡಾಶಯಗಳನ್ನೂ ತೆಗೆದಿದ್ದರೆ ಋತುಬಂಧ ರಾತ್ರೋರಾತ್ರಿ ಬಂದೆರಗುತ್ತದೆ. ಅಂಡಾಶಯ ಉಳಿಸಿದ್ದರೂ ಅವು ಸ್ವಲ್ಪ ಮುಂಚೆಯೇ ಕೆಲಸ ನಿಲ್ಲಿಸಬಹುದು. ಮೈ ಒಮ್ಮೆಲೇ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು, ಅದರ ಜೊತೆಗೆ ಹೊಟ್ಟೆಯ ಲಯ ತಪ್ಪುವುದು ಇವರಿಗೆ ಮುಖ್ಯ ಸುಳಿವು.

ಹಾರ್ಮೋನಿಗೂ ಕರುಳಿಗೂ ಏನು ನಂಟು?

ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳು ಗರ್ಭಕೋಶಕ್ಕೆ ಮಾತ್ರ ಸಂಬಂಧಿಸಿದವಲ್ಲ. ಅವನ್ನು ಗುರುತಿಸುವ ಗ್ರಾಹಕಗಳು ಅನ್ನನಾಳದಿಂದ ದೊಡ್ಡ ಕರುಳಿನವರೆಗೂ ಇವೆ. ಪ್ರೊಜೆಸ್ಟೆರಾನ್ ಕರುಳಿನ ಸ್ನಾಯುಗಳನ್ನು ಸಡಿಲಗೊಳಿಸಿ ಚಲನೆಯನ್ನು ನಿಧಾನ ಮಾಡುತ್ತದೆ. ಬಸುರಿಯರಿಗೆ ಮಲಬದ್ಧತೆ, ಎದೆಯುರಿ ಬರುವುದಕ್ಕೆ ಇದೂ ಒಂದು ಕಾರಣ. ಮುಟ್ಟಿನ ಮೊದಲ ದಿನಗಳಲ್ಲಿ ಗರ್ಭಕೋಶ ಬಿಡುಗಡೆ ಮಾಡುವ ಪ್ರೊಸ್ಟಾಗ್ಲಾಂಡಿನ್‌ಗಳು ಕರುಳನ್ನೂ ಹಿಂಡುತ್ತವೆ. ಆಗ ಬಹಳ ಹುಡುಗಿಯರಿಗೆ ಭೇದಿಯಾಗುವುದು ಇದರಿಂದಲೇ.

ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಈ ಏರಿಳಿತಕ್ಕೆ ತಿಂಗಳ ಲೆಕ್ಕವಿತ್ತು. ಪೆರಿಮೆನೋಪಾಸ್‌ನಲ್ಲಿ ಆ ಲೆಕ್ಕ ತಪ್ಪುತ್ತದೆ. ಈಸ್ಟ್ರೊಜೆನ್ ಒಂದೇ ಸಮನೆ ಇಳಿಯುತ್ತ ಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಒಂದು ತಿಂಗಳು ಬಹಳ ಏರಿ ಇನ್ನೊಂದು ತಿಂಗಳು ಕುಸಿಯುತ್ತದೆ. ಅಂಡಾಣು ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟೆರಾನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಒಂದು ವಾರ ಮಲಬದ್ಧತೆ, ಮರುವಾರ ಭೇದಿ, ಯಾವ ಊಟಕ್ಕೂ ತಾಳೆಯಾಗದ ಉಬ್ಬರ ಕಾಣಿಸುವುದರ ಹಿಂದೆ ಈ ಅಸ್ಥಿರತೆಯ ಪಾತ್ರ ದೊಡ್ಡದು.

ಇದಕ್ಕೆ ನರಗಳ ಪಾಲೂ ಇದೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ತಯಾರಾಗುವುದು ಕರುಳಿನಲ್ಲಿ. ಕರುಳಿನ ಚಲನೆಗೂ ನೋವಿನ ಅರಿವಿಗೂ ಅದು ಬೇಕು. ಈಸ್ಟ್ರೊಜೆನ್ ಏರುಪೇರಾದಾಗ ಈ ವ್ಯವಸ್ಥೆಯೂ ಕದಲುತ್ತದೆ. ಮೊದಲು ಗಮನಕ್ಕೇ ಬಾರದಿದ್ದ ವಾಯು ಈಗ ನೋವಾಗಿ ತಿಳಿಯುತ್ತದೆ. ರಾತ್ರಿ ಬೆವರಿ ಎಚ್ಚರವಾದರೆ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮೈಯಲ್ಲಿ ಒತ್ತಡದ ಹಾರ್ಮೋನು ಹೆಚ್ಚುತ್ತದೆ, ಅದರ ಪೆಟ್ಟು ಮತ್ತೆ ಹೊಟ್ಟೆಗೇ ಬೀಳುತ್ತದೆ. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಒಂದು ಗುಂಪು ಈಸ್ಟ್ರೊಜೆನ್ ಮತ್ತೆ ರಕ್ತಕ್ಕೆ ಸೇರಲು ನೆರವಾಗುತ್ತದೆ. ಹಾಗಾಗಿ ಹಾರ್ಮೋನು ಕರುಳನ್ನು ಕದಲಿಸಿದಂತೆ ಕರುಳೂ ಹಾರ್ಮೋನಿನ ಮಟ್ಟವನ್ನು ಬದಲಿಸಬಲ್ಲದು.

ವಯಸ್ಸಿನೊಂದಿಗೆ ಕೊಬ್ಬು ಸೊಂಟ, ತೊಡೆಗಳಿಂದ ಹೊಟ್ಟೆಯ ಸುತ್ತ ಬಂದು ಸೇರುತ್ತದೆ. ಆ ಒತ್ತಡಕ್ಕೆ ಜಠರದ ಆಮ್ಲ ಮೇಲಕ್ಕೆ ನುಗ್ಗಿ ಎದೆಯುರಿ ತರುತ್ತದೆ. ಎರಡು ಮೂರು ಹೆರಿಗೆ ಕಂಡವರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ದುರ್ಬಲವಾಗಿರುತ್ತವೆ. ಮಲ ವಿಸರ್ಜನೆಯಾದರೂ ಪೂರ್ತಿ ಆಗಿಲ್ಲ ಎನಿಸುವುದು, ಅರ್ಜೆಂಟಾದಾಗ ತಡೆಯಲಾಗದಿರುವುದು ಇದರಿಂದ. ಈ ಕೊನೆಯದನ್ನು ನಮ್ಮ ಹೆಂಗಸರು ಯಾರಲ್ಲೂ ಹೇಳಿಕೊಳ್ಳುವುದಿಲ್ಲ. ಸರಿಯಾದ ವ್ಯಾಯಾಮ ಕಲಿಸಿದರೆ ಹಲವರಲ್ಲಿ ಇದು ಗಣನೀಯವಾಗಿ ಸುಧಾರಿಸುತ್ತದೆ ಎಂಬುದು ಅವರಿಗೆ ಗೊತ್ತಾಗಬೇಕು.

ಬದುಕಿನ ರೀತಿ ಕೊಡುವ ಕಾಟ

ಎಲ್ಲ ಹೊಣೆಯನ್ನೂ ಹಾರ್ಮೋನಿನ ಮೇಲೆ ಹೊರಿಸಿದರೆ ಅನ್ಯಾಯವಾದೀತು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ಅಂಗಡಿಯಲ್ಲಿ ನಿಂತು ದುಡಿಯುವವರು, ಹೊಲದ ಕೂಲಿಗೆ ಹೋಗುವವರು, ದಿನವೂ ಬಸ್ಸಿನಲ್ಲಿ ಊರಿಂದೂರಿಗೆ ಹೋಗಿ ಪಾಠ ಮಾಡುವ ಟೀಚರುಗಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ಕುಡಿದರೆ ಹೋಗಲು ಶೌಚಾಲಯವಿಲ್ಲ, ಇದ್ದರೂ ಕಾಲಿಡುವ ಹಾಗಿಲ್ಲ. ಬೆಳಿಗ್ಗೆ ಮಲ ವಿಸರ್ಜನೆಯ ಹೊತ್ತಿಗೆ ಸರಿಯಾಗಿ ಮಕ್ಕಳ ಡಬ್ಬಿ ಕಟ್ಟಬೇಕು. ಒತ್ತಡ ಬಂದರೂ ತಡೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಹೀಗೆ ತಡೆದುಕೊಂಡರೆ ಕರುಳು ಸೂಚನೆ ಕೊಡುವುದನ್ನೇ ಮರೆಯುತ್ತದೆ. ಮನೆಮಂದಿಗೆಲ್ಲ ಬಡಿಸಿ, ಪಾತ್ರೆ ಎತ್ತಿಟ್ಟು, ರಾತ್ರಿ ಹತ್ತೂವರೆಗೆ ಉಳಿದದ್ದನ್ನು ಉಂಡು ಕೂಡಲೇ ಮಲಗುವುದೂ ಇದೇ ಸಾಲಿನದು. ಇಷ್ಟು ಕಾಲ ಮೈ ತಡೆದುಕೊಂಡಿತ್ತು, ಈಗ ತಡೆದುಕೊಳ್ಳುತ್ತಿಲ್ಲ.

ಔಷಧಿಗಳ ಕಡೆಗೂ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ 15ರಿಂದ 49ರ ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಪೆರಿಮೆನೋಪಾಸ್‌ನಲ್ಲಿ ಕೆಲವರಿಗೆ ವಿಪರೀತ ರಕ್ತಸ್ರಾವವಾಗಿ ಅದು ಇನ್ನಷ್ಟು ಹೆಚ್ಚುತ್ತದೆ. ಅದಕ್ಕೆ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಮಲ ಗಟ್ಟಿಯಾಗುತ್ತದೆ, ಕಪ್ಪಾಗುತ್ತದೆ. ಹಾಗೆಂದು ಮಾತ್ರೆ ನಿಲ್ಲಿಸಬಾರದು. ವೈದ್ಯರಿಗೆ ಹೇಳಿದರೆ ಬೇರೆ ಬಗೆಯದನ್ನು ಕೊಡುತ್ತಾರೆ ಅಥವಾ ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಬಹುದು. ಕ್ಯಾಲ್ಸಿಯಂ ಮಾತ್ರೆಯೂ ಮಲಬದ್ಧತೆ ತರುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೆಲವರಲ್ಲಿ ಭೇದಿ ಮಾಡಿಸುತ್ತದೆ. ಮಂಡಿನೋವಿಗೆಂದು ಡೈಕ್ಲೊಫಿನ್ಯಾಕ್‌ನಂಥ ನೋವಿನ ಮಾತ್ರೆಗಳನ್ನು ತಾವೇ ಕೊಂಡು ನುಂಗುವವರಿಗೆ ಜಠರದಲ್ಲಿ ಹುಣ್ಣಾಗುವ ಅಪಾಯವಿದೆ.

ಥೈರಾಯ್ಡ್ ಇನ್ನೊಂದು ಕಾರಣ. ಅದು ಕುಂದಿದರೆ ಮಲಬದ್ಧತೆ, ಸುಸ್ತು, ತೂಕ ಹೆಚ್ಚಳ, ಮುಟ್ಟಿನ ಏರುಪೇರು ಎಲ್ಲವೂ ಕಾಣಿಸುತ್ತವೆ. ಪೆರಿಮೆನೋಪಾಸ್ ಎಂದೇ ಭಾವಿಸಿ ವರ್ಷಗಟ್ಟಲೆ ನರಳುವವರಿದ್ದಾರೆ. ಟಿಎಸ್‌ಎಚ್ ಎಂಬ ಒಂದು ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು: ಮುಟ್ಟು ತಡವಾಗಿ, ಹೊಟ್ಟೆ ತೊಳಸುತ್ತಿದ್ದರೆ ಗರ್ಭಧಾರಣೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಈ ವರ್ಷಗಳಲ್ಲಿ ಬಸುರಾಗುವ ಸಾಧ್ಯತೆ ಕಡಿಮೆ, ಆದರೆ ಇಲ್ಲದಿಲ್ಲ. ಐವತ್ತು ದಾಟಿದವರು ಕೊನೆಯ ಮುಟ್ಟಿನ ನಂತರ ಒಂದು ವರ್ಷ, ಐವತ್ತರೊಳಗಿನವರು ಎರಡು ವರ್ಷ ಗರ್ಭನಿರೋಧಕ ಬಳಸಬೇಕು ಎಂಬುದು ವೈದ್ಯರ ಸಲಹೆ.

ನಮ್ಮ ಅಡುಗೆಮನೆಯಲ್ಲೇ ಇರುವುದು

ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಹೊಟ್ಟೆಗೆ ಹೋಗಬೇಕು. ನೂರು ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮಿಗಿಂತ ಕಡಿಮೆ ನಾರಿದೆ; ಅಷ್ಟೇ ರಾಗಿಯಲ್ಲಿ 11 ಗ್ರಾಂ, ಜೋಳದಲ್ಲಿ 10 ಗ್ರಾಂ. ಹಳೇ ಮೈಸೂರಿನ ಮುದ್ದೆ, ಸೊಪ್ಪಿನ ಬಸ್ಸಾರು, ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಕಾಳಿನ ಪಲ್ಯ ಇವೇ ಈ ವಯಸ್ಸಿಗೆ ಒಪ್ಪುವ ಊಟ. ಆದರೆ ಒಂದೇ ದಿನ ಎಲ್ಲ ಬದಲಿಸಿದರೆ ಉಬ್ಬರ ಹೆಚ್ಚುತ್ತದೆ. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು, ನೀರನ್ನೂ ಅದರೊಂದಿಗೆ ಹೆಚ್ಚಿಸಬೇಕು. ನೀರಿಲ್ಲದ ನಾರು ಮಲವನ್ನು ಇನ್ನಷ್ಟು ಕಟ್ಟುತ್ತದೆ. ಇಸಬ್ಗೋಲ್ ತೆಗೆದುಕೊಳ್ಳುವವರಿಗೂ ಇದೇ ಮಾತು.

ಅವರೆ, ಕಡಲೆ, ಹುರುಳಿಗಳಲ್ಲಿ ಸಣ್ಣ ಕರುಳು ಅರಗಿಸಲಾಗದ ಸಕ್ಕರೆಗಳಿವೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿದಾಗ ವಾಯುವಾಗುತ್ತದೆ. ಕಾಳನ್ನು ಎಂಟು ಹತ್ತು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಸಾಧ್ಯವಾದರೆ ಮೊಳಕೆ ಬರಿಸಿ ಬೇಯಿಸಿದರೆ ಈ ಸಕ್ಕರೆ ಕಡಿಮೆಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ ಕೂಡ ಕೆಲವರಿಗೆ ಆಗುವುದಿಲ್ಲ. ದಕ್ಷಿಣ ಭಾರತದ ವಯಸ್ಕರಲ್ಲಿ ಬಹಳ ಮಂದಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಪೂರ್ತಿ ಅರಗುವುದಿಲ್ಲ. ಹಾಲು ಕುಡಿದಾಗ ಹೊಟ್ಟೆ ಗುಡುಗುಡು ಎನ್ನುವವರು ಮೊಸರು, ಮಜ್ಜಿಗೆಗೆ ಬದಲಿಸಿಕೊಂಡು ನೋಡಬಹುದು. ಕ್ಯಾಲ್ಸಿಯಂ ಅದರಿಂದಲೂ ಸಿಗುತ್ತದೆ. ಒಂದೊಂದೇ ಪದಾರ್ಥವನ್ನು ಎರಡು ವಾರ ಬಿಟ್ಟು ನೋಡಿ, ವ್ಯತ್ಯಾಸ ಕಾಣದಿದ್ದರೆ ಮತ್ತೆ ತಿನ್ನಿ. ಹತ್ತು ಪದಾರ್ಥ ಒಟ್ಟಿಗೆ ಬಿಟ್ಟು ಸೊರಗುವುದು ಬೇಡ.

ಎದೆಯುರಿಯವರು ಮಲಗುವ ಮೂರು ಗಂಟೆ ಮುಂಚೆ ಊಟ ಮುಗಿಸಬೇಕು, ಎಡಮಗ್ಗುಲಿಗೆ ಮಲಗಬೇಕು. ದಿನಕ್ಕೆ ನಾಲ್ಕೈದು ಸಲ ಕಾಫಿ ಕುಡಿಯುವ ಅಭ್ಯಾಸವಿದ್ದರೆ ತಗ್ಗಿಸಬೇಕು. ವಾರಕ್ಕೆ 150 ನಿಮಿಷದ ಬಿರುಸಿನ ನಡಿಗೆ ಕರುಳಿಗೂ ಒಳ್ಳೆಯದು, ಮೂಳೆಗೂ ಒಳ್ಳೆಯದು. ಕಮೋಡ್ ಬಳಸುವವರು ಕಾಲ ಕೆಳಗೆ ಗಿಡ್ಡ ಸ್ಟೂಲು ಇಟ್ಟುಕೊಂಡು ಮಂಡಿ ಎತ್ತರಿಸಿ ಕುಳಿತರೆ ತಿಣುಕುವುದು ತಪ್ಪುತ್ತದೆ.

ಮೆಡಿಕಲ್ ಶಾಪಿನಿಂದ ತಾವೇ ತರುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳ ಬಗ್ಗೆ ಎಚ್ಚರ ಬೇಕು. ಇವು ಒಳ್ಳೆಯ ಔಷಧಿಗಳೇ. ಆದರೆ ವೈದ್ಯರ ನಿಗಾ ಇಲ್ಲದೆ ವರ್ಷಗಟ್ಟಲೆ ನುಂಗಿದರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು, ಮೂಳೆ ಮುರಿಯುವ ಅಪಾಯ ಸ್ವಲ್ಪ ಹೆಚ್ಚಬಹುದು. ಋತುಬಂಧದ ಹೊತ್ತಿಗೆ ಮೂಳೆ ಹೇಗೂ ಸವೆಯುತ್ತಿರುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಮಾತ್ರೆ ಲಕ್ಷಣವನ್ನು ಅಡಗಿಸಿಟ್ಟು ಒಳಗಿನ ಕಾಯಿಲೆ ಪತ್ತೆಯಾಗುವುದನ್ನು ತಡಮಾಡುತ್ತದೆ. ಎರಡು ವಾರ ಮಾತ್ರೆ ನುಂಗಿದರೂ ಎದೆಯುರಿ ಹೋಗದಿದ್ದರೆ, ಅಥವಾ ನಿಲ್ಲಿಸಿದ ಕೂಡಲೇ ಮರುಕಳಿಸುತ್ತಿದ್ದರೆ, ಪರೀಕ್ಷೆ ಮಾಡಿಸಿಕೊಳ್ಳಬೇಕು.

ತಡಮಾಡಬಾರದ ಸೂಚನೆಗಳು

ಅಂಡಾಶಯದ ಕ್ಯಾನ್ಸರ್ ಭಾರತದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ನಂತರ ಹೆಚ್ಚಾಗಿ ಕಾಣುವ ಕ್ಯಾನ್ಸರ್. ಅದರ ಮೊದಲ ಲಕ್ಷಣಗಳು ಕಾಣಿಸುವುದು ಹೊಟ್ಟೆಯಲ್ಲೇ: ಇಳಿಯದ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಹೆಚ್ಚಿನ ಮಂದಿಯಲ್ಲಿ ಇದು ಮುಂದುವರಿದ ಹಂತದಲ್ಲಿ ಪತ್ತೆಯಾಗುವುದಕ್ಕೆ ಈ ಸಾಮಾನ್ಯವೆನಿಸುವ ಲಕ್ಷಣಗಳೂ ಕಾರಣ. ಇವು ತಿಂಗಳಲ್ಲಿ 12ಕ್ಕಿಂತ ಹೆಚ್ಚು ಸಲ ಕಾಣಿಸಿದರೆ ಪರೀಕ್ಷಿಸಬೇಕು ಎನ್ನುತ್ತದೆ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಐಬಿಎಸ್‌ನಂಥ (ಕೆರಳುವ ಕರುಳಿನ ತೊಂದರೆಯಂಥ) ಲಕ್ಷಣ ಬಂದರೆ ಅದನ್ನು ಬರೀ ಐಬಿಎಸ್ ಎಂದು ಬಿಡಬಾರದೆಂದೂ ಅದು ಹೇಳುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್ ಮತ್ತು ಸಿಎ-125 ರಕ್ತಪರೀಕ್ಷೆ ಅಂಡಾಶಯದ ಪರೀಕ್ಷೆಯ ಮೊದಲ ಹೆಜ್ಜೆ. ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್, ಹೊಟ್ಟೆಯ ಕ್ಷಯಗಳಲ್ಲೂ ಸಿಎ-125 ಏರುತ್ತದೆ. ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಪ್ಯಾಪ್ ಪರೀಕ್ಷೆ ಗರ್ಭಕಂಠಕ್ಕೆ ಸಂಬಂಧಿಸಿದ್ದು, ಅಂಡಾಶಯದ ಕಾಯಿಲೆ ಅದರಲ್ಲಿ ಸಿಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ನಡೆಯುವ ಉಚಿತ ಕ್ಯಾನ್ಸರ್ ತಪಾಸಣೆಯೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಸೀಮಿತ. ಅಂಡಾಶಯದ ವಿಷಯದಲ್ಲಿ ಹೆಂಗಸು ತಾನೇ ಗುರುತಿಸಿ ಹೇಳುವುದೇ ಮೊದಲ ತಪಾಸಣೆ.

ಮಲದಲ್ಲಿ ರಕ್ತ ಕಂಡರೆ ನಾವು ‘ಪೈಲ್ಸ್’ ಎಂದುಕೊಂಡು ಸುಮ್ಮನಾಗುತ್ತೇವೆ. ಹೆಚ್ಚಿನ ಬಾರಿ ಅದು ಮೂಲವ್ಯಾಧಿಯೇ ಆಗಿರುತ್ತದೆ, ಆದರೆ ವೈದ್ಯರು ನೋಡಿ ಹೇಳಬೇಕು. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಆರಂಭಿಸುವ ವಯಸ್ಸನ್ನು ಅಮೆರಿಕದಲ್ಲಿ 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. ನಮ್ಮಲ್ಲಿ ಅಂಥ ಸಾರ್ವತ್ರಿಕ ತಪಾಸಣೆ ಇಲ್ಲ.

ಇನ್ನೊಂದು ಸೂಚನೆಯಲ್ಲಿ ಗಂಟೆಗಳಲ್ಲ, ನಿಮಿಷಗಳೇ ಮುಖ್ಯ. ಋತುಬಂಧದ ನಂತರ ಹೆಂಗಸರಲ್ಲಿ ಹೃದಯಾಘಾತದ ಅಪಾಯ ಏರುತ್ತದೆ. ಅದು ಎದೆಯ ನೋವಿನೊಂದಿಗೇ ಬರಬೇಕೆಂದಿಲ್ಲ; ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದಂತಾಗಿ, ವಾಕರಿಕೆ, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ, ದವಡೆ, ಬೆನ್ನು, ತೋಳಿನ ನೋವಿನ ರೂಪದಲ್ಲೂ ಬರುತ್ತದೆ. ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದವರು ಏಳದೇ ಹೋದ ಉದಾಹರಣೆಗಳು ಪ್ರತಿ ಊರಿನಲ್ಲೂ ಇವೆ. 108ಕ್ಕೆ ಕರೆ ಮಾಡಿ ಇಸಿಜಿ ಮಾಡಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ ತುರ್ತು ಚುಚ್ಚುಮದ್ದು ಕೊಡುವ ವ್ಯವಸ್ಥೆಯನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯ ಸರ್ಕಾರ ಮಾಡಿದೆ. ಇಸಿಜಿಯಲ್ಲಿ ಏನೂ ಇಲ್ಲವೆಂದಾದರೆ ಸಂತೋಷ, ಮಾಡಿಸಿದ್ದು ವ್ಯರ್ಥವಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಕೂಡಲೇ ಆಸ್ಪತ್ರೆಗೆ:
• ಮೇಲಿನ ಹೃದಯಾಘಾತದ ಲಕ್ಷಣಗಳು
• ರಕ್ತ ವಾಂತಿ, ಅಥವಾ ಕಬ್ಬಿಣದ ಮಾತ್ರೆ ತೆಗೆದುಕೊಳ್ಳದಿದ್ದರೂ ಡಾಂಬರಿನಂತೆ ಕಪ್ಪಾದ ಮಲ
• ತಡೆಯಲಾರದ ಹೊಟ್ಟೆನೋವು. ವಾಂತಿಯಾಗಿ, ಮಲವೂ ವಾಯುವೂ ಹೋಗದಿರುವುದು
• ಬಲ ಪಕ್ಕೆಯ ಕೆಳಗೆ ನೋವಿನೊಂದಿಗೆ ಜ್ವರ ಅಥವಾ ಕಣ್ಣು ಹಳದಿಯಾಗುವುದು (ಪಿತ್ತಕೋಶದ ಕಲ್ಲಿರಬಹುದು)

ಒಂದೆರಡು ವಾರದೊಳಗೆ:
• ಮಲದಲ್ಲಿ ರಕ್ತ
• ಮೂರು ವಾರ ದಾಟಿದ ಭೇದಿ, ಮಲಬದ್ಧತೆ ಅಥವಾ ಉಬ್ಬರ
• ಕಾರಣವಿಲ್ಲದೆ ತೂಕ ಇಳಿಯುವುದು, ಹಸಿವಾಗದಿರುವುದು
• ನುಂಗಲು ಕಷ್ಟ, ಊಟ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು
• ಹೊಟ್ಟೆಯ ತೊಂದರೆಗೆ ರಾತ್ರಿ ನಿದ್ದೆಯಿಂದ ಎಚ್ಚರವಾಗುವುದು
• ಮಾತ್ರೆಗೂ ಏರದ ಹಿಮೋಗ್ಲೋಬಿನ್
• ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣುವುದು
• ಮನೆಯಲ್ಲಿ ಯಾರಿಗಾದರೂ ಕರುಳು, ಅಂಡಾಶಯ, ಸ್ತನದ ಕ್ಯಾನ್ಸರ್ ಆಗಿದ್ದು, ಈಗ ನಿಮಗೆ ಹೊಸ ಲಕ್ಷಣ ಕಾಣಿಸಿರುವುದು

ವೈದ್ಯರ ಮುಂದೆ ಏನು ಹೇಳಬೇಕು?

"ಗ್ಯಾಸ್ಟ್ರಿಕ್ ಡಾಕ್ಟ್ರೇ" ಎಂದರೆ ಗ್ಯಾಸ್ಟ್ರಿಕ್ ಮಾತ್ರೆಯೇ ಸಿಗುತ್ತದೆ. ಹೋಗುವ ಮುಂಚೆ ಎರಡು ಮೂರು ವಾರ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ: ಯಾವ ದಿನ ಉಬ್ಬರ, ಯಾವ ದಿನ ಭೇದಿ, ಏನು ತಿಂದಿದ್ದಿರಿ, ಮುಟ್ಟು ಯಾವಾಗ ಬಂತು, ನಿದ್ದೆ ಹೇಗಿತ್ತು. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ, ಆಯುರ್ವೇದದ ಚೂರ್ಣವೂ ಸೇರಿ. ತುರ್ತು ಲಕ್ಷಣಗಳಿದ್ದರೆ ಮಾತ್ರ ಈ ಟಿಪ್ಪಣಿಗಾಗಿ ಕಾಯಬೇಡಿ. ನಿಮ್ಮ ಕುಟುಂಬ ವೈದ್ಯರು, ಹತ್ತಿರದ ಆರೋಗ್ಯ ಕೇಂದ್ರ, ಸರ್ಕಾರದ ‘ನಮ್ಮ ಕ್ಲಿನಿಕ್’ ಇವೇ ಮೊದಲ ಹೆಜ್ಜೆಗೆ ಸಾಕು. ಮುಟ್ಟು ಏರುಪೇರಾಗಿದೆ ಎಂಬುದನ್ನು ನೀವಾಗಿಯೇ ಹೇಳಿ; ಹೊಟ್ಟೆಯ ವೈದ್ಯರು ಅದನ್ನು ಕೇಳದೇ ಇರಬಹುದು. ಹಾರ್ಮೋನು ಚಿಕಿತ್ಸೆ ಮೈ ಬಿಸಿಯೇರುವುದಕ್ಕೆ ಪರಿಣಾಮಕಾರಿ, ಆದರೆ ಅದನ್ನು ಹೊಟ್ಟೆಯ ಔಷಧಿ ಎಂದು ಕೊಡುವುದಿಲ್ಲ. ಬಾಯಿಯಿಂದ ತೆಗೆದುಕೊಳ್ಳುವ ಈಸ್ಟ್ರೊಜೆನ್ ಪಿತ್ತಕೋಶದ ಕಲ್ಲಿನ ಅಪಾಯವನ್ನು ಹೆಚ್ಚಿಸುತ್ತದೆ. ಇದನ್ನೆಲ್ಲ ಚರ್ಚಿಸಿಯೇ ತೀರ್ಮಾನಿಸಬೇಕು.

ಒಂದು ಎಚ್ಚರಿಕೆ ಬೇಕೇ ಬೇಕು. ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದ ಬಡ ಹೆಂಗಸರು, ಅದರಲ್ಲೂ ತಾಂಡಾಗಳ ಲಂಬಾಣಿ ಹೆಂಗಸರು, ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡ ಸಂಗತಿ 2015ರ ಸುಮಾರಿಗೆ ದೊಡ್ಡ ಸುದ್ದಿಯಾಯಿತು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಹೊಟ್ಟೆಯ ತೊಂದರೆಗೆ ಹೋದವರಿಗೆ ಮೊದಲ ಭೇಟಿಯಲ್ಲೇ ಗರ್ಭಕೋಶ ತೆಗೆಸಿ ಎಂದರೆ ಒಪ್ಪಬೇಡಿ. ಕಾಯಿಲೆಯ ಹೆಸರು, ಸ್ಕ್ಯಾನಿಂಗ್ ವರದಿ ಬರಹದಲ್ಲಿ ಕೇಳಿ, ಇನ್ನೊಬ್ಬ ವೈದ್ಯರಿಗೆ ತೋರಿಸಿ.

ಗಂಡಂದಿರಿಗೂ ಬೆಳೆದ ಮಕ್ಕಳಿಗೂ ಒಂದು ಮಾತು. ಮನೆಯಲ್ಲಿ ಎಲ್ಲರ ಹೊಟ್ಟೆಯ ಹದ ನೋಡಿಕೊಳ್ಳುವವರು ತಮ್ಮ ಹೊಟ್ಟೆಯ ಮಾತನ್ನು ಕೊನೆಗೆ ಇಟ್ಟುಕೊಂಡಿರುತ್ತಾರೆ. ರಾತ್ರಿ ಎಂಟಕ್ಕೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ, ಪಾತ್ರೆ ತೊಳೆಯಲು ಕೈಹಾಕಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಓದುತ್ತಿರುವ ಹೆಂಗಸರಲ್ಲಿ ವಿನಂತಿ ಇಷ್ಟೇ: ನಿಮ್ಮ ಹೊಟ್ಟೆಯ ತೊಂದರೆ ಹೊಸದಾಗಿದ್ದರೆ, ಮೂರು ವಾರ ದಾಟಿದ್ದರೆ, ದಿನೇ ದಿನೇ ಹೆಚ್ಚುತ್ತಿದ್ದರೆ, ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ಮುಂದೂಡದೆ ಈ ವಾರವೇ ವೈದ್ಯರನ್ನು ಕಾಣಿ.